ಕಣ್ಣಳತೆಗೆ ಸಿಗದ ನೆತ್ತರು

ಹಡೆದಾಕೆಗೆ ಎಷ್ಟು ರಕ್ತ ಹೋಯಿತು ಎಂದು ಕೇಳಿದರೆ ಹೆರಿಗೆ ಕೋಣೆಯಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡೇ: ‘ಮಾಮೂಲಿ’, ಇಲ್ಲವೇ ‘ಸ್ವಲ್ಪ ಹೆಚ್ಚು’. ಜೋಳದ ಚೀಲವನ್ನು ತಕ್ಕಡಿಗೆ ಹಾಕದೆ ಮಾರದ, ದ್ರಾಕ್ಷಿಯ ಸಿಹಿಯನ್ನೂ ಅಳೆದು ನೋಡಿ ಕೊಯ್ಲು ಮಾಡುವ ಸೀಮೆ ವಿಜಯಪುರ ಜಿಲ್ಲೆಯ ಸಾರವಾಡ, ಬಬಲೇಶ್ವರ, ತಿಕೋಟಾಗಳದು. ಬಾಣಂತಿಯ ರಕ್ತ ಮಾತ್ರ ಇನ್ನೂ ಕಣ್ಣಳತೆಯಲ್ಲೇ ಉಳಿದಿದೆ. ಹೆರಿಗೆಗಳನ್ನು ದವಾಖಾನೆಗೆ ತರುವ ಕೆಲಸ ನಮ್ಮಲ್ಲಿ ಬಹುಮಟ್ಟಿಗೆ ಮುಗಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಹಾಗಿದ್ದೂ 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಇಲ್ಲಿ 69 ತಾಯಂದಿರು ಸತ್ತರು. ಆಗ ದೇಶದ ಸರಾಸರಿ 97 ಇತ್ತು ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ತಮಿಳುನಾಡಿನಲ್ಲಿ ಅದು 54, ಕೇರಳದಲ್ಲಿ 19 ಇತ್ತು. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಎಲ್ಲಕ್ಕಿಂತ ಹೆಚ್ಚಾಗಿತ್ತು. ಹೊಸ್ತಿಲು ದಾಟಿಸಿದ ಮೇಲೆ ಒಳಗೆ ಏನಾಗುತ್ತದೆ ಎಂದು ಕೇಳಬೇಕಾದ ಹೊತ್ತು ಇದು. ಒಳಗೆ ನಡೆಯುವುದನ್ನು ಅಳೆಯದೆ, ಅಳೆದವಳ ಕೈಗೆ ಔಷಧಿ ಕೊಡದೆ ಈ ಸಂಖ್ಯೆ ಇನ್ನು ಬೇಗ ಇಳಿಯಲಾರದು.

ಇದಕ್ಕೆ ಪುರಾವೆ ಹುಡುಕಿ ದೂರ ಹೋಗಬೇಕಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಸಿದರು. ಕೂಸು ಹುಟ್ಟಿದ ಕೂಡಲೇ ಅರ್ಧದಷ್ಟು ಬಾಣಂತಿಯರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದರ್ಧಕ್ಕೆ ಔಷಧಿಯಿಲ್ಲದ ತೋರಿಕೆಯ ಗುಳಿಗೆ. ಕೊಟ್ಟವರು ತಜ್ಞ ವೈದ್ಯರಲ್ಲ, ಹಳ್ಳಿಯ ಎಎನ್‌ಎಂಗಳು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು, ಜೀವಕ್ಕೆ ಎರವಾಗುವಂಥ ತೀವ್ರ ಸ್ರಾವ 1.2ರಿಂದ 0.2ಕ್ಕೆ. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಗುಳಿಗೆಯ ಸುದ್ದಿಯ ನಡುವೆ ಮರೆತುಹೋದದ್ದು ಅದೇ ಪ್ರಯೋಗದ ಒಂದು ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಸೊಂಟದ ಕೆಳಗೆ ಹಾಸುವ ಅದರ ತುದಿ ಲಾಳಿಕೆಯಂತೆ ಇಳಿದು, ಗೆರೆ ಹಾಕಿದ ಚೀಲವಾಗುತ್ತದೆ. ರಕ್ತ ಅಲ್ಲಿ ತುಂಬುತ್ತದೆ, ಗೆರೆ ನೋಡಿ ಓದಿಕೊಂಡರಾಯಿತು. ಕಣ್ಣಂದಾಜನ್ನು ಈ ಹಾಳೆಯ ಅಳತೆಯೊಂದಿಗೆ ಹೋಲಿಸಿದಾಗ, ಅಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆಯೇ ಹೇಳುತ್ತಿತ್ತು. ಅನುಭವಿಗಳ ಕಣ್ಣೂ ಮೋಸ ಹೋಗುತ್ತದೆ, ಏಕೆಂದರೆ ಅರಿವೆ ರಕ್ತವನ್ನು ಹೀರಿಕೊಳ್ಳುತ್ತದೆ, ನೀರು ಬೆರೆಯುತ್ತದೆ, ಹನಿಹನಿಯಾಗಿ ಗಂಟೆಗಟ್ಟಲೆ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ.

ಅಂಥದೇ ಹಾಳೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ‘ಇ-ಮೋಟಿವ್’ ಅಧ್ಯಯನದ ನಡುಗಂಬವಾಯಿತು. 2023ರಲ್ಲಿ ಬಂದ ಫಲಿತಾಂಶ: ರೂಢಿಯ ಆರೈಕೆಯಲ್ಲಿ ಅತಿಸ್ರಾವದ ಅರ್ಧದಷ್ಟು ಪ್ರಕರಣಗಳಷ್ಟೇ ಗೊತ್ತಾಗುತ್ತಿದ್ದವು, ಹಾಳೆ ಹಾಸಿದಲ್ಲಿ ನೂರಕ್ಕೆ 93. ಗೊತ್ತಾದ ಕೂಡಲೇ ಗರ್ಭಕೋಶದ ನೀವಿಕೆ, ಔಷಧಿ, ಸಲೈನು, ತಪಾಸಣೆ ಒಟ್ಟೊಟ್ಟಿಗೆ ನಡೆದುದರಿಂದ ತೀವ್ರ ಅಪಾಯ ನೂರಕ್ಕೆ 60ರಷ್ಟು ತಗ್ಗಿತು.

ಸಾರವಾಡದಂಥ ಊರಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ರಕ್ತಸ್ರಾವ ಶುರುವಾದ ಮೇಲೆ ಚಿಕಿತ್ಸೆ ಸಿಗದಿದ್ದರೆ ಸಾವಿಗೆ ಎರಡು ಗಂಟೆ ಸಾಕು ಎನ್ನುತ್ತಾರೆ. ವಿಜಯಪುರದ ಜಿಲ್ಲಾಸ್ಪತ್ರೆ ದೂರವಲ್ಲ ನಿಜ. ಆದರೆ ‘ಸ್ವಲ್ಪ ಹೆಚ್ಚು’ ಎಂದುಕೊಳ್ಳುತ್ತಲೇ ಒಂದು ಗಂಟೆ ಕಳೆದಿದ್ದರೆ, ಆಂಬುಲೆನ್ಸ್ ಬರುವಷ್ಟರಲ್ಲಿ ಇನ್ನರ್ಧ ಗಂಟೆ ಹೋದರೆ, ಮಳೆಗಾಲದಲ್ಲಿ ಡೋಣಿ ನದಿ ಸೇತುವೆ ಮೇಲೆ ಹರಿಯುತ್ತಿದ್ದರೆ, ಹತ್ತಿರವೂ ದೂರವೇ. ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟು ಹೋದರೆ ಫ್ರಿಜ್ ಹೆಸರಿಗಷ್ಟೇ ಫ್ರಿಜ್. ತಂಪು ಬೇಡದ ಮಿಸೊಪ್ರೊಸ್ಟಾಲ್ ಗುಳಿಗೆಯ ಬೆಲೆ ತಿಳಿಯುವುದು ಇಂಥ ಬಿಸಿಲ ನಾಡಿನಲ್ಲಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಹಗುರವಾದದ್ದೂ ಅಲ್ಲ. ಹದಿನೆಂಟು ತುಂಬುವ ಮುನ್ನ ಮದುವೆ, ಕಬ್ಬು ಕಡಿಯಲು ಗುಳೆ, ರಕ್ತಹೀನತೆ, ಇವೆಲ್ಲ ಹಾಗೇ ಇರುವಾಗ ಪ್ಲಾಸ್ಟಿಕ್ ಹಾಳೆ ಏನು ಮಾಡೀತು? ರಾಜ್ಯದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು ಎಂಬುದು ಸರ್ಕಾರದ್ದೇ ಸಮೀಕ್ಷೆ. ಆದರೆ ಈ ವಾದ ನನ್ನ ಮಾತನ್ನೇ ಬಲಪಡಿಸುತ್ತದೆ. ಗಟ್ಟಿಮುಟ್ಟಾದಾಕೆ ಅರ್ಧ ಲೀಟರ್ ಹೋದರೂ ತಡೆದಾಳು. ಹಿಮೋಗ್ಲೋಬಿನ್ ಏಳಕ್ಕೆ ಇಳಿದಾಕೆಗೆ ಅದೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2025ರ ಮಾರ್ಗಸೂಚಿಯಲ್ಲಿ, ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 500 ಮಿಲಿಲೀಟರಿಗೆ ಕಾಯದೆ 300ಕ್ಕೇ ಚಿಕಿತ್ಸೆ ಶುರುಮಾಡಿ ಎಂದಿದೆ. 300 ಎಂಬುದನ್ನು ಕಣ್ಣಿನಿಂದ ಹೇಳುವವರಾರು?

ಇನ್ನೊಂದು ಆಕ್ಷೇಪಕ್ಕೆ ತಲೆಬಾಗಲೇಬೇಕು. ಅಳತೆಯೊಂದೇ ಸಾಲದು. ಪಕ್ಕದ ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ರಕ್ತದೊತ್ತಡದ ಯಂತ್ರ ಮತ್ತು ಮೊಬೈಲ್ ಆ್ಯಪ್ ಕೊಟ್ಟು, ಗರ್ಭಿಣಿಯರ ಏರೊತ್ತಡವನ್ನು ಮನೆಯಲ್ಲೇ ಗುರುತಿಸುವ ‘ಕ್ಲಿಪ್’ ಅಧ್ಯಯನ ನಡೆಯಿತು. ತಾಯಿ-ಕೂಸುಗಳ ಒಟ್ಟು ಸಾವುನೋವಿನಲ್ಲಿ ಹೇಳಿಕೊಳ್ಳುವ ಇಳಿಕೆ ಕಾಣಲಿಲ್ಲ. ಅಳೆದು, ಬರೆದು, ‘ಮುಂದೆ ಹೋಗಿ’ ಎಂದು ಕಳಿಸಿದ ಮೇಲೆ ಮುಂದಿನ ಬಾಗಿಲಲ್ಲಿ ಏನಾಯಿತು ಎಂಬುದು ಅಳೆದವಳ ಕೈಲಿರಲಿಲ್ಲ. ಇ-ಮೋಟಿವ್‌ನಲ್ಲಿ ಅಳತೆಯೂ ಚಿಕಿತ್ಸೆಯೂ ಒಂದೇ ಆಸ್ಪತ್ರೆಯಲ್ಲಿ, ಒಟ್ಟಿಗೇ ನಡೆದವು. ಎರಡರ ನಡುವಿನ ಅಂತರ ಇಷ್ಟೇ ಎಂದಲ್ಲ, ಆದರೆ ಇದು ದೊಡ್ಡದು.

ಸಾವನ್ನೂ ನಾವು ಹೀಗೇ ಅಂದಾಜಿನಲ್ಲಿ ಬಿಡುತ್ತಿದ್ದೆವು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು ಸಲೈನಿನ ಗುಣಮಟ್ಟದ ಮೇಲೆ ಅನುಮಾನ ಬಂದ ಬಳಿಕ, ಸರ್ಕಾರ ಆ ವರ್ಷ ಏಪ್ರಿಲಿನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೋಧನೆಗೆ ಒಡ್ಡಿತು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬುದು ಅದು ಕಂಡುಕೊಂಡದ್ದು. ಇಂಥ ತನಿಖೆಯಿಂದ ವೈದ್ಯರು ಹೆದರಿ, ಕಷ್ಟದ ಹೆರಿಗೆಗಳನ್ನೆಲ್ಲ ಬೇರೆಡೆಗೆ ಸಾಗಹಾಕುತ್ತಾರೆ ಎನ್ನುವವರಿದ್ದಾರೆ, ಹೆದರಿಕೆ ಸುಳ್ಳಲ್ಲ. ಅದಕ್ಕೇ ಇಂಗ್ಲೆಂಡಿನವರು 1952ರಿಂದ, ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ, ತಾಯಿ, ವೈದ್ಯರು, ಆಸ್ಪತ್ರೆ ಯಾರ ಹೆಸರನ್ನೂ ಇಡದೆ ಗುಟ್ಟಾಗಿ ಪರಿಶೀಲಿಸುತ್ತಾರೆ, ಕಲಿತ ಪಾಠವನ್ನು ಮಾತ್ರ ಬಯಲಿಗಿಡುತ್ತಾರೆ. ನಮ್ಮಲ್ಲಿ ಹೆಸರು ಬಯಲಾಗುತ್ತದೆ, ಪಾಠ ಕಡತದಲ್ಲಿ ಕೂರುತ್ತದೆ. ಏಳನೇ ತಿಂಗಳ ಕುಬಸ ಮುಗಿಸಿ, ತಾಯಿ ಕಾರ್ಡನ್ನು ಸೀರೆಗಂಟಿನಲ್ಲಿಟ್ಟುಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹುಡುಗಿಗಾಗಿ ಕಾಯುವ ನರ್ಸ್‌ಗೆ, ಹೋದ ವರ್ಷ ತನ್ನದೇ ತಾಲ್ಲೂಕಿನಲ್ಲಿ ಸತ್ತ ತಾಯಿ ಎಷ್ಟು ಗಂಟೆಗೆ, ಎಷ್ಟು ಮಿಲಿಲೀಟರ್ ರಕ್ತ ಕಳೆದುಕೊಂಡಳು ಎಂಬ ಒಂದು ಪುಟವನ್ನು ಇದುವರೆಗೆ ಯಾರು ತಲುಪಿಸಿದ್ದಾರೆ?