ನೀರಿಗಿಳಿದ ಗಾಲಿ

ಮಳೆಗಾಲ ಕಳೆದ ಮೇಲೆ ಯಳಂದೂರು ತಾಲ್ಲೂಕಿನ ಹೊನ್ನೂರಿನ ಕಡೆ ಕೆರೆಯೇರಿಯ ಮೇಲೆ ಸ್ವಲ್ಪ ಹೊತ್ತು ನಿಂತವರು ಒಂದು ಚೆಲುವಾದ ನೋಟವನ್ನು ಕಂಡಿರಬಹುದು. ಬಾನಿನಿಂದ ಇಳಿದು ಬರುವ ಬಾತು, ನೀರು ಹತ್ತಿರವಾದೊಡನೆ ಪಾದಗಳನ್ನು ಮುಂದಕ್ಕೆ ಚಾಚುತ್ತದೆ. ಅವುಗಳ ಮೇಲೆ ತುಸು ದೂರ ಜಾರಿ, ಮೆಲ್ಲನೆ ಎದೆಯೂರಿ ತೇಲತೊಡಗುತ್ತದೆ. ಮನುಷ್ಯ ನಿರ್ಮಿಸಿದ ಹಕ್ಕಿಯೊಂದರ ಪಾಡು ಇದಕ್ಕೆ ತೀರ ವಿರುದ್ಧ. ನೀರಿಗಿಳಿಯುವಾಗ ಕಾಲು ಚಾಚಿತೆಂದರೆ ಅದಕ್ಕೆ ಅನಾಹುತವೇ ಸರಿ. ಅದೇ ಉಭಯಚರ ವಿಮಾನ.

ಕಪ್ಪೆಯಂತೆ ನೆಲಕ್ಕೂ ಜಲಕ್ಕೂ ಸಲ್ಲುವ ವಿಮಾನವಿದು. ನೀರಿಗಾಗಿ ದೋಣಿಯಂಥ ಒಡಲು, ನೆಲಕ್ಕಾಗಿ ಮಡಚಿ ಮೇಲೆತ್ತಬಹುದಾದ ಗಾಲಿಗಳು. ನೀರಿನ ಮೇಲೆ ವಿಮಾನ ಇಳಿಯುವುದು ನಮ್ಮ ನಾಡಿಗೆ ಹೊಸತಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. 1953ರಲ್ಲಿ ನಮ್ಮ ನೌಕಾಪಡೆ ಕೊಚ್ಚಿಯಲ್ಲಿ ವಿಮಾನದಳವನ್ನು ಆರಂಭಿಸಿದಾಗ ಮೊದಲು ಪಡೆದುದು ಸೀಲ್ಯಾಂಡ್ ಎಂಬ ಪುಟ್ಟ ಉಭಯಚರ ವಿಮಾನಗಳನ್ನೇ.

ಇಂಥ ವಿಮಾನದ ದೊಡ್ಡ ಶತ್ರು ಬಿರುಗಾಳಿಯಲ್ಲ, ಮರೆವು. ಚಾಲಕನು ನೆಲದಿಂದ ಹಾರುತ್ತಾನೆ. ಬೇರೇನೋ ಗಮನ ಸೆಳೆದು ಗಾಲಿಗಳನ್ನು ಮೇಲೆತ್ತುವುದು ಮರೆತುಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಸರೋವರ ಎದುರಾಗುತ್ತದೆ. ಒಡಲು ನೀರಿನ ಮೇಲೆ ಜಾರಬೇಕಾದಲ್ಲಿ ಗಾಲಿಗಳು ಮೊದಲು ಮುಳುಗುತ್ತವೆ. ನೀರು ಅವುಗಳನ್ನು ಹಿಂದಕ್ಕೆ ಹಿಡಿದೆಳೆಯುತ್ತದೆ. ಮೇಲಿನ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಓಡುವವನ ಕಾಲಿಗೆ ಹಗ್ಗ ತೊಡರಿದಂತೆ ವಿಮಾನವು ಮೂತಿಯೂರಿ ಕ್ಷಣಾರ್ಧದಲ್ಲಿ ಬೆನ್ನಡಿಯಾಗುತ್ತದೆ.

1935ರಲ್ಲಿ ನಡೆದುದು ಇದೇ. ಮುಂದೆ ವಾಲ್ರಸ್ ಎಂದು ಹೆಸರಾದ ಬ್ರಿಟಿಷ್ ಉಭಯಚರ ವಿಮಾನದ ಮೊದಲ ಮಾದರಿ ಆಗ ನೆಲ್ಸನ್ ಎಂಬ ಯುದ್ಧನೌಕೆಗೆ ಸೇರಿತ್ತು. ಅದನ್ನು ರೂಪಿಸಿದವನು ಸ್ಪಿಟ್‌ಫೈರ್ ವಿಮಾನದಿಂದ ವಿಖ್ಯಾತನಾದ ಆರ್. ಜೆ. ಮಿಚೆಲ್. ಒಳಗೆ ಕುಳಿತಿದ್ದವರು ಸಾಮಾನ್ಯರಲ್ಲ; ನೌಕಾದಳದ ಮಹಾದಂಡನಾಯಕ ಅಡ್ಮಿರಲ್ ರೋಜರ್ ಬ್ಯಾಕ್‌ಹೌಸ್! ಗಾಲಿಗಳು ಕೆಳಗೇ ಇವೆಯೆಂಬುದನ್ನು ಮರೆತು ಚಾಲಕನು ನೀರಿಗಿಳಿಸಿದ, ವಿಮಾನ ಮಗುಚಿತು. ದೈವವಶಾತ್ ಎಲ್ಲರೂ ಸಣ್ಣಪುಟ್ಟ ಗಾಯಗಳಿಂದ ಪಾರಾದರು. ವಿಮಾನವೂ ದುರಸ್ತಿಯಾಗಿ ಮತ್ತೆ ಹಾರಿತು.

ಎಲ್ಲರ ಅದೃಷ್ಟವೂ ಅಷ್ಟು ಒಳ್ಳೆಯದಾಗಿರುವುದಿಲ್ಲ. ಗಾಲಿ ಬಿಡದೆ ನೆಲಕ್ಕಿಳಿದರೆ ಹೊಟ್ಟೆ ಉಜ್ಜಿ ವಿಮಾನಕ್ಕೆ ಹಾನಿಯಾದೀತು, ಜನ ಸಾಮಾನ್ಯವಾಗಿ ಉಳಿಯುತ್ತಾರೆ. ಗಾಲಿ ಬಿಟ್ಟು ನೀರಿಗಿಳಿದರೆ ಹೊಡೆತದಿಂದ ಉಳಿದವರೂ ತಲೆಕೆಳಗಾಗಿ, ಪಟ್ಟಿಗೆ ಜೋತುಬಿದ್ದು, ಮೇಲಾವುದು ಕೆಳಗಾವುದು ತಿಳಿಯದೆ ಮುಳುಗಿ ಸಾಯುವ ಭಯವುಂಟು. ಆದ್ದರಿಂದಲೇ ಇಂಥ ವಿಮಾನ ಏರುವವರಿಗೆ ಕಲಿಸುವ ಪಾಠವೊಂದಿದೆ: ಮೊದಲು ಒಂದು ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿ, ಬಳಿಕ ಸೊಂಟದ ಪಟ್ಟಿ ಬಿಚ್ಚು. ಹಿಡಿದ ಕೈಯೇ ಹೊರದಾರಿಯನ್ನು ತೋರಿಸುತ್ತದೆ.

ಆ ಚಾಲಕನನ್ನು ಗದರಿಸಿ ಸುಮ್ಮನಾಗಿದ್ದರೆ ಮತ್ತೊಬ್ಬನು ಮತ್ತೊಂದು ದಿನ ಮರೆಯುತ್ತಿದ್ದ. ಹಾಗಾಗಲಿಲ್ಲ. ಸ್ವಲ್ಪ ಕಾಲದಲ್ಲೇ ವಾಲ್ರಸ್ಸಿನ ಚಾಲಕನೆದುರು ಗಾಲಿ ಮೇಲಿದೆಯೋ ಕೆಳಗಿದೆಯೋ ತಿಳಿಸುವ ಸೂಚಕ ಬಂತು. ಅಂಥ ಸಾಧನ ಪಡೆದ ಮೊದಮೊದಲ ವಿಮಾನಗಳಲ್ಲಿ ಅದೂ ಒಂದು. ಮಹಾಯುದ್ಧದಲ್ಲಿ ಅದೇ ವಾಲ್ರಸ್, ಕಡಲಿಗೆ ಬಿದ್ದ ಎಷ್ಟೋ ವೈಮಾನಿಕರನ್ನು ಎತ್ತಿ ತಂದಿತು. ಇಂದು ಧ್ವನಿಯಿಂದ ಎಚ್ಚರಿಸುವ ಯಂತ್ರಗಳೂ ಇವೆ. ಆದರೂ ನುರಿತ ಚಾಲಕನು ಇಳಿಯುವ ಮುನ್ನ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ: “ಇಳಿಯುವುದು ನೀರಿಗೆ, ಗಾಲಿ ಮೇಲಿದೆ.”

ಮನೆಗೆ ಬೀಗ ಹಾಕಿ ಹೊರಟು, ಅರ್ಧ ದಾರಿಯಲ್ಲಿ “ಹಾಕಿದೆನೆ?” ಎಂದು ನಿಲ್ಲುವ ನಮಗೆ ಇದರ ಮರ್ಮ ಅರಿಯದ್ದೇನಲ್ಲ. ದಿನವೂ ಮಾಡುವ ಕೆಲಸವನ್ನು ಕೈ ಮಾಡುತ್ತದೆ, ಮನಸ್ಸು ನೋಡುವುದಿಲ್ಲ. ನಾವಾದರೋ ಹಿಂದಿರುಗಿ ಹೋಗಿ ನೋಡಬಹುದು. ನೀರನ್ನು ಮುಟ್ಟಿದ ಗಾಲಿಗೆ ಆ ಅವಕಾಶವಿಲ್ಲ.