ಬಡಾವಣೆಯ ಕಾಫಿ ಹೋಟೆಲು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳಲ್ಲಿ ಮುಂಜಾನೆ ಸಂಚರಿಸುವವರಿಗೆ ಯಾವುದಾದರೊಂದು ತಿರುವಿನಲ್ಲಿ ಕಾಫಿಯ ಪರಿಮಳ ಎದುರಾಗದೆ ಇರದು. ಅದರ ಜಾಡು ಹಿಡಿದು ಹೋದರೆ ಚಿಕ್ಕದೊಂದು ಹೋಟೆಲು, ಅದರ ಮುಂದೆ ಲೋಟ ಹಿಡಿದು ನಿಂತ ಜನ. ವಾಯುವಿಹಾರ ಮುಗಿಸಿದ ನಿವೃತ್ತರು, ಹೂ ಮಾರುವವರು, ಪತ್ರಿಕೆ ಹಂಚುವ ಹುಡುಗರು, ಆಟೋ ಚಾಲಕರು, ಎಲ್ಲರೂ ಅಲ್ಲಿರುತ್ತಾರೆ. ಒಬ್ಬ ಮಾಲೀಕ, ಒಂದು ಒಲೆ, ನಾಲ್ಕೈದು ಬಗೆಯ ತಿಂಡಿ, ಇಷ್ಟೇ ಆ ಹೋಟೆಲಿನ ಬಂಡವಾಳ. ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಂತಹುದು. ಅಲ್ಲಿ ಇಡ್ಲಿಗೆ ಸಾಂಬಾರನ್ನು ಕೊಡುವುದಿಲ್ಲ. ಆದರೂ ಚಟ್ನಿಯ ರುಚಿ ಬಲ್ಲವರು ಅದಕ್ಕಾಗಿಯೇ ಕಾಯುತ್ತಾರೆ.

ಈ ಕಾಫಿಯ ಗುಟ್ಟು ಸೋಸುವಿಕೆಯಲ್ಲಿದೆ. ಹುರಿದು ಪುಡಿಮಾಡಿದ ಬೀಜಕ್ಕೆ ಸ್ವಲ್ಪ ಚಿಕೋರಿ ಬೆರೆಸುತ್ತಾರೆ. ಚಿಕೋರಿಯು ಒಂದು ಗಿಡದ ಬೇರು. ಅದು ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ, ಅತಿಯಾದರೆ ಕಾಫಿಯನ್ನೇ ನುಂಗಿಬಿಡುತ್ತದೆ. ತೂತುಗಳಿರುವ ಪಾತ್ರೆಯಲ್ಲಿ ಪುಡಿಯನ್ನು ಮೆಲ್ಲನೆ ಒತ್ತಿ, ಮೇಲೆ ಕುದಿನೀರು ಸುರಿದರೆ, ಕಪ್ಪನೆಯ ಡಿಕಾಕ್ಷನ್ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಇಲ್ಲಿ ಆತುರಪಟ್ಟವನಿಗೆ ದಕ್ಕುವುದು ಬರಿಯ ಬಣ್ಣದ ನೀರು! ಡಿಕಾಕ್ಷನ್ನಿಗೆ ಕಾದ ಹಾಲು ಬೆರೆಸಿ, ಎತ್ತರದಿಂದ ಸುರಿದು ನೊರೆ ಎಬ್ಬಿಸಿದರೆ ಕಾಫಿ ಸಿದ್ಧ. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿಕೊಡುವುದನ್ನು 'ಬೈ ಟೂ' ಎನ್ನುತ್ತಾರೆ. ಇದಕ್ಕೆ ಯಾವ ಮಾಲೀಕನೂ ಮುಖ ಸಿಂಡರಿಸುವುದಿಲ್ಲ.

ಬೀಜವೂ ದೂರದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಇಂದು ಭಾರತದ ಕಾಫಿ ಬೆಳೆಯಲ್ಲಿ ಸುಮಾರು ಶೇಕಡ 70 ಭಾಗ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನೊಳಗೊಂಡ ಕರ್ನಾಟಕದ್ದು.

ಪರಿಮಳವು ಎಲ್ಲರ ಮೂಗಿಗೂ ಮುಟ್ಟುತ್ತಿದ್ದರೂ ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾದ ಹೋಟೆಲಿನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂದಿತ್ತು. ಅಡುಗೆ ಮಾಡಿದವರು ಯಾರೆಂದು ತಿಳಿದ ಮೇಲೆಯೇ ಜನ ತಿನ್ನುತ್ತಿದ್ದ ಕಾಲವದು. ಆಗ ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಅವರು ಹೊರಗೆ ನಿಂತು, ತಮಗೆಂದೇ ಇಟ್ಟಿದ್ದ ಲೋಟದಲ್ಲಿ ಕುಡಿದು, ಅದನ್ನು ತಾವೇ ತೊಳೆದಿಡಬೇಕಾಗಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಹೋಟೆಲು, ಉಪಾಹಾರಗೃಹಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ದೇಶದ ಮೂಲಶಾಸನದಲ್ಲಿ ಹೋಟೆಲಿನ ಮಾತೇಕೆ ಬಂತೆಂದು ನಿಮಗೆ ಅಚ್ಚರಿಯಾಗಬಹುದು. ಆ ಹೊರಗಿನ ಲೋಟವನ್ನು ಕಂಡಿದ್ದವರಿಗೆ ಅಚ್ಚರಿಯಾಗಿರಲಾರದು. 1955ರ ಅಧಿನಿಯಮವು ಇಂತಹ ತಡೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು.

ಕಾನೂನು ಬಾಗಿಲು ತೆರೆಸಿತು. ಬೆರೆತು ನಿಲ್ಲುವ ರೂಢಿಯನ್ನು ಬೆಳೆಸಿದವುಗಳಲ್ಲಿ ಈ ಸಣ್ಣ ಹೋಟೆಲುಗಳೂ ಸೇರಿವೆ ಎಂಬುದು ನನ್ನ ಎಣಿಕೆ. 1980ರ ದಶಕದಿಂದ ಹಬ್ಬಿದ ದರ್ಶಿನಿಗಳಲ್ಲಿ ಕುರ್ಚಿಯೇ ಇರಲಿಲ್ಲ. ಎಲ್ಲರೂ ಒಂದೇ ಎತ್ತರದ ಮೇಜಿಗೆ ನಿಂತು ತಿನ್ನಬೇಕಾದ ಕಡೆ ಪಂಕ್ತಿಭೇದಕ್ಕೆ ಎಡೆ ಎಲ್ಲಿ?

ನನ್ನ ತಂದೆಯವರು ಬಾಲ್ಯದಲ್ಲಿ ಆ ಹೊರಗಿನ ಲೋಟದಲ್ಲಿ ಕುಡಿದವರು. ವೃದ್ಧಾಪ್ಯದಲ್ಲಿ ಅವರು ನನ್ನ ಮನೆಗೆ ಬಂದಾಗ ಒಂದು ಮುಂಜಾನೆ ನಮ್ಮ ಬೀದಿಯ ಹೋಟೆಲಿಗೆ ಕರೆದೊಯ್ದೆ. ಬೈ ಟೂ ತರಿಸಿದೆ. ಅವರು ನಿಧಾನವಾಗಿ ಕುಡಿದು ಮುಗಿಸಿ, ಲೋಟ ಹಿಡಿದು ಸುತ್ತಲೂ ನೋಡಿ, ಮೂಲೆಯಲ್ಲಿದ್ದ ನಲ್ಲಿಯತ್ತ ಹೆಜ್ಜೆಯಿಟ್ಟರು. ಮೇಜು ಒರೆಸುತ್ತಿದ್ದ ಹುಡುಗ ಓಡಿಬಂದು, "ಅಲ್ಲೇ ಇಡಿ ತಾತಾ, ನಾನು ತಗೋತೀನಿ" ಎಂದು ಲೋಟವನ್ನು ಅವರ ಕೈಯಿಂದ ತೆಗೆದುಕೊಂಡ. ತಂದೆಯವರು ಬರಿಗೈಯನ್ನು ಒಂದು ಕ್ಷಣ ನೋಡಿಕೊಂಡರು. ಅನಂತರ ನನ್ನತ್ತ ತಿರುಗಿ, "ಇನ್ನೊಂದು ಹೇಳಪ್ಪಾ, ಈ ಸಲ ಪೂರ್ತಿ ಲೋಟ" ಎಂದರು.