ಕೈಗಾ, ಕಾನನ ಮತ್ತು ಸಂಸತ್ತಿನ ಒಂದು ಸಮಿತಿ

ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಇಂಧನ ಸಿದ್ಧವಾಗುತ್ತಾ ಬಂದಿರುವುದು ನಮ್ಮ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ. ಇದನ್ನು ನಡೆಸುವ ಅಣುಶಕ್ತಿ ಇಲಾಖೆಯನ್ನೂ, ಅರಣ್ಯಭೂಮಿಯ ಬಳಕೆಗೆ ಅನುಮತಿ ನೀಡುವ ಪರಿಸರ ಸಚಿವಾಲಯವನ್ನೂ ಪರಿಶೀಲಿಸುವುದು ಸಂಸತ್ತಿನ ಒಂದೇ ಸ್ಥಾಯಿ ಸಮಿತಿ. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು ಅಧಿಕಾರಿಗಳನ್ನು ಕರೆಸಿ ವರ್ಷವರ್ಷವೂ ಅನುದಾನದ ಬೇಡಿಕೆಗಳನ್ನು ಪ್ರಶ್ನಿಸುತ್ತಾರೆ. ಲೆಕ್ಕಪರಿಶೋಧನೆಯ ಬಿಸಿ ಕಂಡ ನಮ್ಮಂಥ ಬ್ಯಾಂಕಿನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು! ಆದರೆ ಇಲ್ಲಿಯ ಶಿಫಾರಸು ಕೇವಲ ಸಲಹೆ. ಮಸೂದೆಯೂ ತಾನಾಗಿ ಬರುವುದಿಲ್ಲ, ಸದನದ ಅಧ್ಯಕ್ಷಪೀಠವೇ ಒಪ್ಪಿಸಬೇಕು. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆಯನ್ನು ಈ ಸಮಿತಿಗೆ ಕಳುಹಿಸದೆ ಪ್ರತ್ಯೇಕ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಆಗ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಜೈರಾಮ್ ರಮೇಶ್. ಅವರು ಆಕ್ಷೇಪಿಸಿ ಪತ್ರ ಬರೆದರು. ಜಂಟಿ ಸಮಿತಿ ಯಾವ ಬದಲಾವಣೆಯನ್ನೂ ಸೂಚಿಸಲಿಲ್ಲ. ಮಸೂದೆ ಅದೇ ವರ್ಷ ಕಾನೂನಾಯಿತು.